ಮೊದಲು ಹೆಂಚು, ಆಮೇಲೆ ಮಗು

ಮಗಳ ಬಾಣಂತನಕ್ಕೆಂದು 2019ರಲ್ಲಿ ನಾನು ಇಂಗ್ಲೆಂಡಿಗೆ ಹೋದದ್ದು ಅಂಟಿನುಂಡೆ, ಮೆಣಸಿನಪುಡಿ, ಮಗುವಿಗೆ ಹಳೆ ಸೀರೆಯ ಮೆತ್ತನೆ ಬಟ್ಟೆ ಇವೆಲ್ಲವನ್ನೂ ಪೆಟ್ಟಿಗೆಯಲ್ಲಿ ತುರುಕಿಕೊಂಡು. ಅಲ್ಲಿನ ಕೌನ್ಸಿಲಿನವರ ಜೊತೆ ಜಗಳಕ್ಕೆ ನಿಲ್ಲುತ್ತೇನೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಜಗಳ ಎಂದರೆ ದೊಡ್ಡ ಮಾತಾಯಿತು. ಒಂದು ಸಂಜೆಯ ಸಭೆ, ಒಂದು ಕಾಗದ, ಅಷ್ಟೇ. ಆದರೆ ಆ ಸಿಟ್ಟು ಇನ್ನೂ ಆರಿಲ್ಲ.

ಮಗಳ ಮನೆ ಇದ್ದದ್ದು ಊರಂಚಿನ ಹೊಸ ಬಡಾವಣೆಯಲ್ಲಿ. ನೋಡಲು ಚೆಂದ. ಒಂದೇ ಬಣ್ಣದ ಇಟ್ಟಿಗೆ, ಒಂದೇ ಇಳಿಜಾರಿನ ಮಾಡು, ಅಳೆದು ಇಟ್ಟಂಥ ಕಿಟಕಿಗಳು. ಮಗುವಿಗೆ ಎರಡು ತಿಂಗಳಾದ ಮೇಲೆ ಅದನ್ನು ತಳ್ಳುಬಂಡಿಯಲ್ಲಿ ಮಲಗಿಸಿ ಹಾಲು ತರಲು ಹೊರಟೆ. ಮೂರು ತಿರುವು ದಾಟುವಷ್ಟರಲ್ಲಿ ಕಾಲುದಾರಿಯೇ ಮುಗಿದುಹೋಯಿತು. ಮುಂದೆ ಎರಡು ಕಾರು, ಆಚೆಗೆ ಬೇಲಿ. ಬಂಡಿಯನ್ನು ರಸ್ತೆಗಿಳಿಸಿ, ಎದುರು ಬರುವ ವಾಹನಕ್ಕೆ ಕೈ ತೋರಿಸುತ್ತಾ ನಡೆದೆ. ಅಂಗಡಿ ಒಂದು ಮೈಲಿ ದೂರ. ದಾರಿಯುದ್ದಕ್ಕೂ ಕೂರಲು ಒಂದು ಬೆಂಚಿಲ್ಲ. ಎದುರು ಮನೆಯ ಮುದುಕಿ ಕೋಲೂರಿಕೊಂಡು ಬರುತ್ತಿದ್ದವರು ಯಾರದೋ ಮನೆಯ ಮೋಟು ಗೋಡೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಿದ್ದರು. ಮನೆಯವರು ಕಿಟಕಿಯಿಂದ ಇಣುಕಿದ ಕೂಡಲೇ ಕ್ಷಮಿಸಿ ಎನ್ನುತ್ತಾ ಎದ್ದುಬಿಡುತ್ತಿದ್ದರು. ಆಟದ ಜಾಗವೆಂದು ನಕ್ಷೆಯಲ್ಲಿ ತೋರಿಸಿದ್ದಲ್ಲಿ ಮೊಣಕಾಲೆತ್ತರದ ಹುಲ್ಲು.

ಮಾಡಿನ ಇಳಿಜಾರನ್ನು ಅಷ್ಟು ಶಿಸ್ತಾಗಿ ಕಟ್ಟಿಸಿದವರಿಗೆ ಒಂದು ಕಾಲುದಾರಿಯನ್ನು ಅಂಗಡಿಯವರೆಗೆ ಮುಟ್ಟಿಸಲು ಏಕೆ ಆಗಲಿಲ್ಲ? ಉತ್ತರ ಸಿಕ್ಕಿದ್ದು ದೀಪದ ಕಂಬಕ್ಕೆ ಕಟ್ಟಿದ್ದ ಒಂದು ನೋಟೀಸಿನಿಂದ. ‘ಪೂರಕ ಯೋಜನಾ ದಾಖಲೆ’ಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಬೇಕಂತೆ, ಲೈಬ್ರರಿಯಲ್ಲಿ ಸಭೆಯಂತೆ.

ಪೂರಕ ಎಂದರೆ ಏನು ಎಂದು ನನಗೂ ಗೊತ್ತಿರಲಿಲ್ಲ. ಅಳಿಯ ವಿವರಿಸಿದ. ಅಲ್ಲಿ ಪ್ರತಿ ಕೌನ್ಸಿಲಿಗೂ ಹದಿನೈದು ವರ್ಷವೋ ಹೆಚ್ಚೋ ಮುಂದಕ್ಕೆ ನೋಡುವ ಒಂದು ಮುಖ್ಯ ಯೋಜನೆ ಇರುತ್ತದೆ. ಅದು ಆಗಬೇಕಾದರೆ ವರ್ಷಗಟ್ಟಲೆ ಹಿಡಿಯುತ್ತದೆ, ಕೇಂದ್ರದಿಂದ ಇನ್‌ಸ್ಪೆಕ್ಟರ್ ಬಂದು ಪರೀಕ್ಷಿಸುತ್ತಾನೆ. ಅದರಲ್ಲಿ ‘ಹೊಸ ಕಟ್ಟಡಗಳು ಉತ್ತಮ ವಿನ್ಯಾಸದಲ್ಲಿರಬೇಕು’ ಎಂಬಂಥ ಸಾಲುಗಳಿರುತ್ತವೆ. ಉತ್ತಮ ಎಂದರೆ ಎಷ್ಟು ಅಡಿ, ಯಾವ ಹೆಂಚು, ಎಷ್ಟು ಕಾರು? ಅದನ್ನು ಬಿಡಿಸಿ ಹೇಳುವ ಪುಸ್ತಿಕೆಗಳೇ ಈ ಪೂರಕಗಳು. 2004ರ ಕಾಯ್ದೆಯ ನಂತರದ ವ್ಯವಸ್ಥೆಯಲ್ಲಿ ಇವಕ್ಕೆ ಇನ್‌ಸ್ಪೆಕ್ಟರನ ಪರೀಕ್ಷೆ ಇರಲಿಲ್ಲ. ನಾಲ್ಕು ವಾರ ಜನರ ಅಭಿಪ್ರಾಯ ಕೇಳಿ ಕೌನ್ಸಿಲೇ ಒಪ್ಪಿಕೊಂಡರೆ ಸಾಕು. ಬಿಲ್ಡರನ ನಕ್ಷೆ ಮೇಜಿನ ಮೇಲೆ ಬಂದಾಗ ಅಧಿಕಾರಿ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಈ ಪುಸ್ತಿಕೆಯನ್ನು. ಹೆಸರಿಗೆ ಉಪ್ಪಿನಕಾಯಿ, ಆದರೆ ಊಟವೇ ಅದರ ಮೇಲೆ ನಿಂತಿದೆ.

ಹಾಗಾದರೆ ಯಾವ ಪುಸ್ತಿಕೆಯನ್ನು ಮೊದಲು ಬರೆಯಬೇಕು? ನನ್ನ ತಕರಾರಿರುವುದು ಈ ಒಂದು ಪ್ರಶ್ನೆಯ ಸುತ್ತಲೇ.

ಲೈಬ್ರರಿಯ ಗೋಡೆಯ ಮೇಲೆ ಪಟ್ಟಿ ಅಂಟಿಸಿದ್ದರು. ಮೊದಲನೆಯದು ಮನೆ ವಿಸ್ತರಣೆ. ಎರಡನೆಯದು ಅಂಗಡಿಗಳ ಮುಂಭಾಗ ಮತ್ತು ಬೋರ್ಡು. ಮೂರನೆಯದು ಕಾರು ನಿಲುಗಡೆ. ಬಯಲು ಜಾಗ, ಆಟದ ಮೈದಾನ, ನಡೆಯುವ ದಾರಿ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕೊನೆಗೆ ಹಾಕಿ ‘ನಂತರ’ ಎಂದು ಬರೆದಿದ್ದರು. ಇಸವಿ ಸಹ ಇಲ್ಲ. ಯಾಕಪ್ಪಾ ಹೀಗೆ ಎಂದು ಅಲ್ಲಿದ್ದ ಹುಡುಗನನ್ನು ಕೇಳಿದೆ. ಪಾಪ, ಒಳ್ಳೆಯ ಹುಡುಗ. ‘ಮೇಡಮ್, ನಮಗೆ ಅತಿ ಹೆಚ್ಚು ಅರ್ಜಿ ಮತ್ತು ದೂರು ಬರುವುದು ಮನೆ ವಿಸ್ತರಣೆಗೆ ಸಂಬಂಧಪಟ್ಟು’ ಎಂದ.

ನಿಜವೇ. ಪಕ್ಕದ ಮನೆಯವನು ಅಡುಗೆಮನೆಯನ್ನು ಹಿಂದಕ್ಕೆ ಎಳೆದು ಕಟ್ಟಿದರೆ ನನ್ನ ಕಿಟಕಿಯ ಬೆಳಕು ಹೋಗುತ್ತದೆ, ನಾನು ದೂರು ಬರೆಯುತ್ತೇನೆ. ಕಿಟಕಿಯ ನಡುವಿನಿಂದ ನಲವತ್ತೈದು ಡಿಗ್ರಿಯ ಗೆರೆ ಎಳೆದು ಬೆಳಕಿನ ನ್ಯಾಯ ತೀರ್ಮಾನಿಸುವ ನಿಯಮ ಅನೇಕ ಕೌನ್ಸಿಲುಗಳ ಪುಸ್ತಿಕೆಯಲ್ಲಿದೆ. ಅದನ್ನು ನಾನು ಹಾಸ್ಯ ಮಾಡುವುದಿಲ್ಲ. ಆದರೆ ಬೆಂಚಿಲ್ಲದ ದಾರಿಯ ಬಗ್ಗೆ ಯಾವ ಮುದುಕಿ ದೂರು ಬರೆಯುತ್ತಾಳೆ? ಅವಳು ಗೋಡೆಯ ಮೇಲೆ ಕೂರುತ್ತಾಳೆ, ಕ್ಷಮಿಸಿ ಎನ್ನುತ್ತಾಳೆ, ಏಳುತ್ತಾಳೆ. ದೂರಿನ ರಾಶಿಯಿಂದ ಆದ್ಯತೆ ಹುಟ್ಟುವುದಾದರೆ ಸಹಿಸಿಕೊಳ್ಳುವವರ ಪಾಳಿ ಎಂದಿಗೂ ಬರುವುದಿಲ್ಲ. ಸಹಿಸಿಕೊಳ್ಳುವವರು ಯಾರೆಂದು ನಿಮಗೆ ನಾನು ಹೇಳಬೇಕೇ?

ಇನ್ನು ಸಭೆಯ ಹೊತ್ತು ನೋಡಿ. ಸಂಜೆ ಆರೂವರೆ. ಮಕ್ಕಳಿಗೆ ಊಟ ಮಾಡಿಸಿ, ಮೈ ತೊಳೆದು, ಮಲಗಿಸುವ ಹೊತ್ತು. ಇದ್ದ ಇಪ್ಪತ್ತು ಜನರಲ್ಲಿ ಬಹುಪಾಲು ನಿವೃತ್ತರಾದ ಗಂಡಸರು. ಹಸುಗೂಸಿನ ತಾಯಿ ಒಬ್ಬಳೂ ಇರಲಿಲ್ಲ. ಬಾಣಂತಿಯ ಪರವಾಗಿ ಅಜ್ಜಿ ನಾನು ಹೋಗಿದ್ದೆ, ಅದೂ ವೀಸಾದ ಮೇಲೆ ಬಂದವಳು! ಬರೆದು ತಿಳಿಸಲು ನಾಲ್ಕು ವಾರವಿದೆಯಲ್ಲ ಎಂದರು. ಎಳೆಗೂಸಿನ ಮನೆಯಲ್ಲಿ ನಾಲ್ಕು ವಾರವೆಂದರೆ ಚಪ್ಪಲಿ ಎಲ್ಲಿಟ್ಟೆ ಎಂದು ನೆನಪಾಗುವಷ್ಟರಲ್ಲಿ ಕಳೆದುಹೋಗುತ್ತದೆ.

ಈ ಪುಸ್ತಿಕೆಗಳ ಸ್ವಭಾವವೇ ಮೊದಲಿನಿಂದ ಹಾಗೆ ಎಂದು ಆಮೇಲೆ ಓದಿ ತಿಳಿದೆ. ಎಸೆಕ್ಸ್ ಕೌಂಟಿಯವರು 1973ರಲ್ಲಿ ತಂದ ವಿನ್ಯಾಸ ಮಾರ್ಗದರ್ಶಿ ಬಹಳ ಹೆಸರಾಯಿತು. ಮೂರು ಮಲಗುವ ಕೋಣೆಯ ಮನೆಗೆ ಹಿಂದೆ 100 ಚದರ ಮೀಟರ್ ತೋಟವಿರಬೇಕೆಂದದ್ದು ಅದೇ. ಎಷ್ಟೋ ಊರಿನ ಪುಸ್ತಿಕೆಗಳಲ್ಲಿ ಬೆನ್ನು ಬೆನ್ನಾಗಿ ನಿಂತ ಎರಡು ಮನೆಗಳ ಕಿಟಕಿಗಳ ನಡುವೆ 21 ಮೀಟರ್, ಅಂದರೆ 70 ಅಡಿ, ಇರಬೇಕೆಂಬ ನಿಯಮವಿದೆ. ಅದರ ಹಿಂದೆ ಒಂದು ಕಥೆ ಹೇಳುತ್ತಾರೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ರೇಮಂಡ್ ಅನ್ವಿನ್ ಮತ್ತು ಬ್ಯಾರಿ ಪಾರ್ಕರ್ ಎಂಬ ಇಬ್ಬರು ಪ್ರಸಿದ್ಧ ವಾಸ್ತುಶಿಲ್ಪಿಗಳು ಒಂದು ಹೊಲದಲ್ಲಿ ಎದುರುಬದುರು ನಿಂತು, ಅಂಗಿಯೊಳಗಿನ ಎದೆಯ ತೊಟ್ಟು ಕಾಣದಷ್ಟು ದೂರ ಹಿಂದೆ ಹಿಂದೆ ಹೆಜ್ಜೆ ಹಾಕಿ ಆ ಅಳತೆ ಕಂಡುಹಿಡಿದರಂತೆ. ಹೆಂಗಸರ ಮಾನ ಕಾಪಾಡಲು! ಕಥೆ ನಿಜವೋ ಕಟ್ಟಿದ್ದೋ, ಕೇಳಿ ನನಗೆ ನಗು ತಡೆಯಲಿಲ್ಲ. ನಮ್ಮ ಮಾನವನ್ನು ಇಬ್ಬರು ಗಂಡಸರು ಹೊಲದಲ್ಲಿ ಅಳೆದದ್ದಾಯಿತು. ನಾವು ನಡೆಯುವ ದಾರಿಯನ್ನು ಅಳೆಯಲು ಮಾತ್ರ ಯಾರೂ ಹೊರಡಲಿಲ್ಲ.

ಯಾರೂ ಇಲ್ಲ ಎಂದರೆ ತಪ್ಪಾದೀತು. ಗ್ರೇಟರ್ ಲಂಡನ್ ಕೌನ್ಸಿಲ್ 1982ರಲ್ಲಿ ಮಹಿಳಾ ಸಮಿತಿಯನ್ನು ಕಟ್ಟಿತ್ತು. ಮ್ಯಾಟ್ರಿಕ್ಸ್ ಎಂಬ ಮಹಿಳಾ ವಾಸ್ತುಶಿಲ್ಪಿಗಳ ಗುಂಪು 1984ರಲ್ಲಿ ಪುಸ್ತಕ ಬರೆದು, ಊರುಗಳನ್ನು ಗಂಡಸರ ದಿನಚರಿಗೆ ಹೊಲಿಯಲಾಗಿದೆ ಎಂದು ತೋರಿಸಿತು. ವೈಟ್‌ಚಾಪೆಲ್‌ನಲ್ಲಿ ಏಷ್ಯಾದ ಹೆಂಗಸರಿಗಾಗಿ ‘ಜಾಗೋನಾರಿ’ ಕೇಂದ್ರವನ್ನು 1987ರಲ್ಲಿ ಕಟ್ಟಿಕೊಟ್ಟವರು ಅವರೇ. ಆದರೆ ಅಷ್ಟರಲ್ಲಿ, 1986ರಲ್ಲಿ, ಆ ದೊಡ್ಡ ಕೌನ್ಸಿಲನ್ನೇ ಥ್ಯಾಚರ್ ಸರ್ಕಾರ ಮುಚ್ಚಿಯಾಗಿತ್ತು. ಅದರೊಂದಿಗೆ ಮಹಿಳಾ ಸಮಿತಿಯೂ ಹೋಯಿತು.

ಮನಸ್ಸು ಮಾಡಿದರೆ ಆಗುವುದಿಲ್ಲವೆಂದೇನೂ ಇಲ್ಲ. ಲಂಡನ್ನಿನ ವಾಲ್ಥಮ್ ಫಾರೆಸ್ಟ್ ಕೌನ್ಸಿಲ್ 2009ರಲ್ಲಿ ಕರಿದ ತಿಂಡಿ ಕಟ್ಟಿಕೊಡುವ ಅಂಗಡಿಗಳ ಬಗ್ಗೆ ಇಂಥದೇ ಪೂರಕವೊಂದನ್ನು ತಂದಿತು. ಶಾಲೆಗಳಿಂದ 400 ಮೀಟರ್ ಒಳಗೆ ಹೊಸದಾಗಿ ಅಂಥ ಅಂಗಡಿಗೆ ಒಪ್ಪಿಗೆ ಕೊಡಬಾರದೆಂದು ಬರೆಯಿತು. ಮಕ್ಕಳ ಹೊಟ್ಟೆಯ ಚಿಂತೆ ಯೋಜನಾ ಇಲಾಖೆಯ ಮೇಜಿಗೆ ಬಂದದ್ದು ಹಾಗೆ. ಆಮೇಲೆ ಬೇರೆ ಕೌನ್ಸಿಲುಗಳೂ ಅದೇ ದಾರಿ ಹಿಡಿದವು. ಇನ್ನೊಂದು ಕಡೆ ಬಾಗಿಲು ಮುಚ್ಚಿದ್ದೂ ಉಂಟು. ಮುಪ್ಪಿನಲ್ಲೂ ಇರಬಹುದಾದಂಥ, ಗಾಲಿಕುರ್ಚಿ ತಿರುಗುವಂಥ ಮನೆಗಳಿಗೆ 1990ರ ದಶಕದಲ್ಲಿ ಅಲ್ಲಿ ಒಳ್ಳೆಯ ಅಳತೆಪಟ್ಟಿಯೊಂದು ರೂಪುಗೊಂಡು, ಅನೇಕ ಕೌನ್ಸಿಲುಗಳು ಅದನ್ನು ಬಿಲ್ಡರುಗಳಿಂದ ಕೇಳುತ್ತಿದ್ದವು. ಮನೆಯೊಳಗಿನ ಅಳತೆಗಳನ್ನು ಪೂರಕಗಳಲ್ಲಿ ನಿಮ್ಮಷ್ಟಕ್ಕೆ ಸೇರಿಸಬೇಡಿ ಎಂದು 2015ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೇಳಿಬಿಟ್ಟಿತು. ಸರಿ, ಒಳಗಿನದು ಕೈ ತಪ್ಪಿತು. ಹೊರಗಿನದು ಕೈಯಲ್ಲೇ ಇತ್ತಲ್ಲ? ದಾರಿ, ಬೆಂಚು, ಉಯ್ಯಾಲೆ?

ಸಿಬ್ಬಂದಿ ಇಲ್ಲ, ದುಡ್ಡಿಲ್ಲ ಎನ್ನುತ್ತಾರೆ. ಸುಳ್ಳಲ್ಲ. 2010ರ ನಂತರ ಅಲ್ಲಿನ ಕೌನ್ಸಿಲುಗಳ ಅನುದಾನಕ್ಕೆ ಬಿದ್ದ ಕತ್ತರಿಯ ಪೆಟ್ಟು ಯೋಜನಾ ಇಲಾಖೆಗಳಿಗೂ ಜೋರಾಗಿಯೇ ತಾಗಿತು. ಆದರೆ ಕಡಿಮೆ ದುಡ್ಡಿನಲ್ಲಿ ಸಂಸಾರ ತೂಗಿಸುವುದನ್ನು ನಮಗೆ ಕಲಿಸಲು ಬರಬೇಡಿ. ತಿಂಗಳ ಕೊನೆಯಲ್ಲಿ ಇಪ್ಪತ್ತು ರೂಪಾಯಿ ಉಳಿದಿದ್ದರೆ ನಾವು ಹಾಲು ತರುತ್ತೇವೆ, ಬಾಗಿಲಿಗೆ ಬಣ್ಣ ಹೊಡೆಸುವುದಿಲ್ಲ. ಮೂರೇ ಜನ ಸಿಬ್ಬಂದಿ, ವರ್ಷಕ್ಕೆ ಒಂದೇ ಪುಸ್ತಿಕೆ ಬರೆಯಲು ಸಾಧ್ಯ ಎಂದಾದರೆ ಯಾವುದು ಮೊದಲು ಎಂಬುದು ಇನ್ನೂ ಮುಖ್ಯವಾಗುತ್ತದೆ. ಹೆಂಚು ತಪ್ಪಿದರೆ ಬೀದಿ ಸ್ವಲ್ಪ ಕುರೂಪವಾಗುತ್ತದೆ, ಮುಂದೆಂದಾದರೂ ಬದಲಾಯಿಸಬಹುದು. ದಾರಿಗೆ ಜಾಗ ಬಿಡದೆ ಮನೆ ಕಟ್ಟಿ ಮಾರಿದ ಮೇಲೆ ಆ ದಾರಿ ಎಲ್ಲಿಂದ ಬರಬೇಕು? ಹೊಸ ಬಡಾವಣೆ ಏಳುವ ಮೊದಲೇ ಬೇಕಾದ ಪುಸ್ತಿಕೆಯನ್ನು ‘ನಂತರ’ಕ್ಕೆ ಹಾಕಿದವರ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ನಮ್ಮಲ್ಲೇನು ಕಡಿಮೆಯೇ ಎಂದು ನೀವು ಕೇಳಬಹುದು. ನಮ್ಮ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಮಾಡುವಾಗ ಬಡಾವಣೆಯ ಶೇ. 15ರಷ್ಟು ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಮತ್ತೆ ಶೇ. 10 ನಾಗರಿಕ ಸೌಲಭ್ಯಕ್ಕೆ ಎಂದು ಬರೆದೇ ಇಟ್ಟರು. ಅಷ್ಟು ಒಳ್ಳೆಯ ಸಾಲು! ನಮ್ಮ ಬಡಾವಣೆಯ ನಕ್ಷೆಯಲ್ಲೂ ಹಸಿರು ಬಣ್ಣದ ಚೌಕವೊಂದಿದೆ. ಸ್ಥಳಕ್ಕೆ ಹೋದರೆ ಜಲ್ಲಿ ರಾಶಿ, ಹಂದಿ, ಮದುವೆ ಮನೆಯ ಎಲೆ. ಏಳೆಂಟು ಹೆಂಗಸರು ಅರ್ಜಿ ಹಿಡಿದು ಹೋದಾಗ ‘ಮುಂದಿನ ಹಂತದಲ್ಲಿ ಮಾಡೋಣ ಅಮ್ಮ’ ಎಂದರು. ಆ ಲೈಬ್ರರಿಯ ಗೋಡೆಯ ಮೇಲೆ ‘ನಂತರ’ ಎಂಬ ಪದ ನೋಡಿದಾಗ ನನಗೆ ಥಟ್ಟನೆ ಕೇಳಿಸಿದ್ದು ಇದೇ ದನಿ. ಆದರೆ ಒಂದು ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬಾರದು. ಅಲ್ಲಿ ಆ ಪಟ್ಟಿಯನ್ನು ಗೋಡೆಗಾದರೂ ಅಂಟಿಸಿದ್ದರು. ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕಾಗದವನ್ನೇ ನಾನು ಈವರೆಗೆ ಕಂಡಿಲ್ಲ. ನಿಮ್ಮ ಪುರಸಭೆಗೆ ಹೋದಾಗ ಪಾರ್ಕು ಕೊಡಿ ಎಂದು ಕೇಳುವ ಮುನ್ನ ಆ ಪಟ್ಟಿ ತೋರಿಸಿ ಎಂದು ಕೇಳಿ ನೋಡಿ. ಅವರ ಮುಖ ನೋಡುವಂತಿರುತ್ತದೆ.

ಅಂದು ಸಭೆಯಲ್ಲಿ ಆದ್ಯತೆ ಸೂಚಿಸಲು ಎಲ್ಲರ ಕೈಗೂ ಐದೈದು ಬಣ್ಣದ ಚುಕ್ಕಿ ಕೊಟ್ಟಿದ್ದರು. ನಾನು ಐದನ್ನೂ ಆ ಕೊನೆಯ ಗಂಟಿನ ಮೇಲೆ ಅಂಟಿಸಿದೆ. ಹೆಂಚಿನ ಮೇಲೆ ಆಗಲೇ ಚುಕ್ಕಿಗಳಿಗೆ ಜಾಗವಿರಲಿಲ್ಲ. ಮಗಳ ಕೈಲಿ ಇಂಗ್ಲಿಷ್ ತಿದ್ದಿಸಿ ಎರಡು ಪುಟದ ಕಾಗದವನ್ನೂ ಕಳಿಸಿದೆ. ನಾನು ಊರಿಗೆ ಮರಳಿದ ಮೇಲೆ ಉತ್ತರ ಬಂತಂತೆ, ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ ಎಂದು. ಮರುವರ್ಷ ಮನೆ ವಿಸ್ತರಣೆಯ ಪುಸ್ತಿಕೆ ಬಂತು, ಒಳಗೆ ಮಾಡುಗಳ ಚಿತ್ರ ಬಹಳ ಚೆನ್ನಾಗಿವೆಯಂತೆ. 2023ರಲ್ಲಿ ಹೊಸ ಕಾನೂನು ಬಂದು, ಈ ಪೂರಕ ದಾಖಲೆಗಳ ಬದಲು ಹೊರಗಿನವರಿಂದ ಪರೀಕ್ಷೆಯಾಗುವ ಪೂರಕ ಯೋಜನೆಗಳನ್ನು ತರುವುದೆಂದು ತೀರ್ಮಾನವಾಯಿತು. ಪಟ್ಟಿ ಮತ್ತೆ ಮೊದಲಿನಿಂದ ಶುರು ಎಂದು ಮಗಳು ಫೋನಿನಲ್ಲಿ ನಕ್ಕಳು.

ಎದುರು ಮನೆಯ ಅಜ್ಜಿ ಹೇಗಿದ್ದಾರೆ ಎಂದೆ. ಈಗ ಅಂಗಡಿಗೆ ಹೋಗುವಾಗ ಕೈಯಲ್ಲಿ ಮಡಚುವ ಸ್ಟೂಲೊಂದನ್ನು ಹಿಡಿದುಕೊಂಡೇ ಹೋಗುತ್ತಾರಂತೆ.