ಹುಳದ ವೇಷ ಹಾಕಿದ ಗಾಳ

ಕಾಶ್ಮೀರದವರು ಚಳಿಗಾಲವನ್ನು ಮೂರು ತುಂಡು ಮಾಡಿ ಎಣಿಸುತ್ತಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ. ಹಿರಿಚಳಿ, ಕಿರಿಚಳಿ, ಮರಿಚಳಿ ಅನ್ನಿ. ಮರಿಚಳಿ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಬಾದಾಮಿ ಮರಗಳು ಹೂ ಬಿಡುತ್ತವೆ. ಕೆಲವು ಮನೆಗಳಲ್ಲಿ ಗಾಳದ ಕೋಲು ಹೊರಗೆ ಬರುತ್ತದೆ. ಲಿದ್ದರ್, ಸಿಂಧ್ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯುವ ಕಾಲ ಹತ್ತಿರವಾಯಿತು ಎಂದರ್ಥ.

ಗಾಳ ಅಂದಕೂಡಲೇ ನಿಮಗೆ ಎರೆಹುಳು ನೆನಪಾಗುತ್ತದೆ, ಅಲ್ಲವೇ ಮಕ್ಕಳೇ? ಇಲ್ಲಿ ಎರೆಹುಳು ಇಲ್ಲ. ಪುಟ್ಟ ಕೊಕ್ಕೆಗೆ ಕೋಳಿಯ ಗರಿ, ಮೊಲದ ತುಪ್ಪಳ, ರೇಷ್ಮೆ ನೂಲು ಸುತ್ತಿ ಒಂದು ಸುಳ್ಳು ಹುಳ ಮಾಡುತ್ತಾರೆ. ಒಳ್ಳೆಯ ಕೈಯವರು ಮಾಡಿದ್ದನ್ನು ಮೇಜಿನ ಮೇಲಿಟ್ಟರೆ ಅಜ್ಜಿ ಬಟ್ಟೆ ಬೀಸಿ ಓಡಿಸಬೇಕು, ಹಾಗಿರುತ್ತದೆ!

ಈಗೊಂದು ತೊಡಕು. ಗರಿಯ ಹುಳಕ್ಕೆ ತೂಕವೇ ಇಲ್ಲ. ಒಂದು ಗರಿಯನ್ನು ಬೀಸಿ ಎಸೆದು ನೋಡಿ, ಕಾಲ ಬುಡದಲ್ಲೇ ಬೀಳುತ್ತದೆ. ಹಾಗಾದರೆ ಅದು ಹೊಳೆಯ ನಡುವಿಗೆ ಹೋಗುವುದು ಹೇಗೆ? ಉಪಾಯ ದಾರದಲ್ಲಿದೆ. ಇಲ್ಲಿನ ದಾರ ದಪ್ಪ, ತೂಕದ್ದು. ಕೋಲನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರವೇ ಚಾಟಿಯಂತೆ ಬಿಚ್ಚಿಕೊಂಡು ಹಾರುತ್ತದೆ, ಹುಳ ಅದರ ಬಾಲ ಹಿಡಿದು ಹೋಗುತ್ತದೆ. ತುದಿಯಲ್ಲಿ ಮಾತ್ರ ಮೀನಿಗೆ ಕಾಣದಂಥ ತೆಳು ಎಳೆ. ಟ್ರೌಟ್ ಹರಿವಿಗೆ ಎದುರಾಗಿ ಮೂಗು ಮಾಡಿ ನಿಂತಿರುತ್ತದೆ. ಅದಕ್ಕೇ ಹಿಡಿಯುವವರು ಕೆಳಗಿನಿಂದ, ಅದರ ಬೆನ್ನ ಹಿಂದಿನಿಂದ ಸದ್ದಿಲ್ಲದೆ ಬರುತ್ತಾರೆ.

ಯಾವ ಹುಳದ ವೇಷ ಹಾಕಬೇಕು? ಅದನ್ನು ಹೊಳೆಯೇ ಹೇಳಬೇಕು. ಕೆಲವು ಹುಳಗಳು ತಿಂಗಳುಗಟ್ಟಲೆ ನೀರಿನ ಕಲ್ಲುಗಳ ಅಡಿಯಲ್ಲಿ ಬೆಳೆದು, ಬಿಸಿಲು ಏರುತ್ತಿದ್ದಂತೆ ಮೇಲೆದ್ದು ರೆಕ್ಕೆ ಬಿಚ್ಚುತ್ತವೆ. ಅವುಗಳಲ್ಲಿ ಒಂದು ಜಾತಿಗೆ ರೆಕ್ಕೆ ಬಂದ ಮೇಲೆ ಉಣ್ಣಲು ಬಾಯಿಯೇ ಇರುವುದಿಲ್ಲ. ಒಂದೆರಡು ದಿನ ಹಾರಿ, ಮೊಟ್ಟೆಯಿಟ್ಟು ಮುಗಿಯುತ್ತದೆ. ಚಳಿಯಲ್ಲಿ ಮಂಕಾಗಿದ್ದ ಟ್ರೌಟ್‌ಗೆ ಅದೇ ಹಬ್ಬದೂಟ. ಏಪ್ರಿಲ್ ಆರಂಭದಲ್ಲಿ ಬೆಳಗ್ಗೆ ಬೇಗ ಹೋಗಿ ಪ್ರಯೋಜನವಿಲ್ಲ. ನೀರಿಗೆ ತುಸು ಬಿಸುಪು ತಾಗುವ ಮಧ್ಯಾಹ್ನವೇ ಸರಿ. ನಿಧಾನವಾಗಿ ಏಳುವವರಿಗೆ ಹೇಳಿಮಾಡಿಸಿದ ಹವ್ಯಾಸ! ಆದರೆ ತೀರಾ ತಡಮಾಡಿದರೆ ಮಲೆಗಳ ಹಿಮ ಜೋರಾಗಿ ಕರಗಿ ಹೊಳೆ ಕೆನ್ನೀರಾಗುತ್ತದೆ.

ಟ್ರೌಟ್ ಕಾಶ್ಮೀರದ ಮೂಲದ ಮೀನಲ್ಲ. 1899ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಡ್ಯೂಕ್ ಕಳಿಸಿಕೊಟ್ಟ ಮೊಟ್ಟೆಗಳು ದಾರಿಯಲ್ಲೇ ಸತ್ತುಹೋದವು. ಮರುವರ್ಷ ಇನ್ನೊಂದು ಕಂತು ಜೀವಂತವಾಗಿ ತಲುಪಿತು. ಅವನ್ನು ಸಾಕಿದವರು ಶ್ರೀನಗರದಲ್ಲಿ ರತ್ನಗಂಬಳಿ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್. ಅಲ್ಲಿನ ಹಳೆಯ ಮೀನುಗಳು ನಮ್ಮ ಗೆಂಡೆಯ ದೂರದ ನೆಂಟರು. ಹೊಸಬರು ಬಂದ ಮೇಲೆ ಅವಕ್ಕೆ ಪೈಪೋಟಿ ಹೆಚ್ಚಿತು. ಆ ಮಾತು ಟ್ರೌಟ್ ಕತೆ ಹೇಳುವವರ ಬಾಯಲ್ಲಿ ಅಷ್ಟಾಗಿ ಬರುವುದಿಲ್ಲ.

ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಸಾಮಾನ್ಯವಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಚಳಿಗಾಲ ಅವು ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆಯಿಡುವ ಕಾಲ, ಆಗ ಹೊಳೆಗೆ ಬಿಡುವು. ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುವವರೂ ಇದ್ದಾರೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣಗೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. "ಬಿಡುವುದಾದರೆ ಹಿಡಿಯುವುದೇಕೆ, ಪಾಪ!" ಎಂದು ಅಜ್ಜಿಯರು ಕೇಳಿಯಾರು. ನನಗೂ ಅದಕ್ಕೆ ಪೂರ್ತಿ ಸಮಾಧಾನದ ಉತ್ತರ ಸಿಕ್ಕಿಲ್ಲ. ಆದರೆ ಹೊಳೆ ಬತ್ತಿದರೆ ಮೊದಲು ಕೂಗಾಡುವವರು ಇವರೇ, ಅದನ್ನು ಒಪ್ಪಬೇಕು.

ಕೂಗಾಡುವ ಕಾಲವೂ ಬಂದಿದೆ. ಟ್ರೌಟ್‌ಗೆ ತಣ್ಣನೆಯ ನೀರೇ ಉಸಿರು. 0 ಡಿಗ್ರಿಯ ನೀರಿನಲ್ಲಿ ಕರಗುವ ಆಮ್ಲಜನಕದ ಅರ್ಧದಷ್ಟು ಮಾತ್ರ 30 ಡಿಗ್ರಿಯ ನೀರಿನಲ್ಲಿ ಕರಗುತ್ತದೆ. 20 ಡಿಗ್ರಿ ದಾಟಿದರೆ ಟ್ರೌಟ್ ಒದ್ದಾಡುತ್ತದೆ. 2024ರ ಜನವರಿಯಲ್ಲಿ, ಹಿರಿಚಳಿಯ ನಟ್ಟನಡುವೆ, ಗುಲ್ಮಾರ್ಗ್‌ನ ಇಳಿಜಾರುಗಳು ಹಿಮವಿಲ್ಲದೆ ಬೋಳಾಗಿದ್ದವು. 2025ರ ಫೆಬ್ರವರಿಯಲ್ಲಿ ಮೊಘಲರ ತೋಟಕ್ಕೆ ನೀರುಣಿಸುವ ಅಚಬಲ್ ಚಿಲುಮೆಯೇ ಬತ್ತಿತು. ಚಳಿಯಲ್ಲಿ ಹಿಮ ಬೀಳದಿದ್ದರೆ ಬೇಸಿಗೆಯಲ್ಲಿ ಕರಗುವುದೇನು?

ಟ್ರೌಟ್ ನೋಡಲು ಅಷ್ಟು ದೂರ ಹೋಗಲಾಗದಿದ್ದರೂ ಅದರ ಊಟದ ಬಳಗವನ್ನು ಇಲ್ಲೇ ನೋಡಬಹುದು. ಮಲೆನಾಡಿನ ಕಡೆ ಹೋದಾಗ, ಮೊಣಕಾಲು ಮುಟ್ಟದ ತಿಳಿನೀರಿನ ಹಳ್ಳದಲ್ಲಿ, ಅಜ್ಜನ ಕೈ ಹಿಡಿದು ಒಂದು ಕಲ್ಲನ್ನು ಮೆಲ್ಲನೆ ಎತ್ತಿ, ಅಡಿಭಾಗ ನೋಡಿ. ಚಪ್ಪಟೆ ಮೈ, ಹಿಂದೆ ಎರಡೋ ಮೂರೋ ಕೂದಲಿನಂಥ ಬಾಲಗಳಿದ್ದರೆ ಅದೇ ಆ ಒಂದೆರಡು ದಿನದ ಅತಿಥಿಯ ಮರಿ. ಮರಳಿನ ಕಣಗಳನ್ನು ಅಂಟಿಸಿ ಕೊಳವೆಯ ಮನೆ ಕಟ್ಟಿಕೊಂಡ ಇನ್ನೊಂದು ಹುಳವೂ ಸಿಗಬಹುದು. ನೋಡಿ ಆದ ಮೇಲೆ ಕಲ್ಲನ್ನು ಇದ್ದ ಮಗ್ಗುಲಿಗೇ ಇಡಿ. ಮೇಲೆ ಕೆಳಗಾದರೆ ಅವುಗಳ ಮನೆಯ ಸೂರು ಬಿಸಿಲಿಗೆ ಬೀಳುತ್ತದೆ.