ಕೌದಿಗೂ ಒಂದು ವೇಳಾಪಟ್ಟಿ



ಜನವರಿ ಬಂದೊಡನೆ ಸಂಕಲ್ಪ ಮಾಡುವುದು ಈಗಿನ ವಾಡಿಕೆ. ದಿನವೂ ವಾಕಿಂಗ್ ಹೋಗುತ್ತೇನೆ, ಸಕ್ಕರೆ ಬಿಡುತ್ತೇನೆ, ವೀಣೆ ಕಲಿಯುತ್ತೇನೆ ಎನ್ನುತ್ತೇವೆ. ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿಯುವ ಹೊತ್ತಿಗೆ ಅವುಗಳಲ್ಲಿ ಅರ್ಧ ಮರೆತಿರುತ್ತವೆ, ಶಿವರಾತ್ರಿಗೆ ಉಳಿದರ್ಧವೂ ಇಲ್ಲ. ಪ್ರೌಢಶಾಲೆಯಲ್ಲಿ ಬಹುಕಾಲ ಗಣಿತ ಬೋಧಿಸಿದ ನನಗೆ ಇದರ ಕಾರಣ ಮನೋಬಲದ ಕೊರತೆ ಎನಿಸುವುದಿಲ್ಲ. ಸಂಕಲ್ಪ ಮಾಡುವವರು ಅದಕ್ಕೆ ಎಷ್ಟು ಗಂಟೆ ಬೇಕು, ಆ ಗಂಟೆಗಳು ದಿನದ ಯಾವ ಭಾಗದಿಂದ ಬರಬೇಕು ಎಂದು ಲೆಕ್ಕ ಹಾಕುವುದಿಲ್ಲ. ಅಷ್ಟೇ ಕಾರಣ.

ನಿವೃತ್ತಿಯ ನಂತರ ನಾನು ಕೈಗೆತ್ತಿಕೊಂಡಿರುವ ಹವ್ಯಾಸ ಕೌದಿ ಹೊಲಿಯುವುದು ಎಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಈ ವರ್ಷ ಅದರ ನೆಪದಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕೆಂದಿದ್ದೇನೆ. ಸಂಸಾರದಲ್ಲಿ 'ಉಳಿದ ಸಮಯ' ಎಂಬುದೊಂದು ಇರುವುದೇ ಇಲ್ಲ. ಆದ್ದರಿಂದ ಗೃಹಿಣಿಯ ಹವ್ಯಾಸಕ್ಕೆ ಮನೆಯ ವೇಳಾಪಟ್ಟಿಯಲ್ಲಿಯೇ, ಊಟ ತಿಂಡಿಗಳ ಸಾಲಿನಲ್ಲಿಯೇ, ಒಂದು ಸ್ಥಾನವನ್ನು ಬರೆದಿಡಬೇಕು. ಮನೆಯವರೆಲ್ಲರೂ ಅದನ್ನು ಒಪ್ಪಿರಬೇಕು.

ಕೌದಿಯನ್ನು ಕಾಣದೆ ಬೆಳೆದ ನಗರದ ಮಕ್ಕಳಿಗಾಗಿ ಎರಡು ಮಾತು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ನೂಲಿನ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಸಾಲುಸಾಲಾಗಿ ಹೊಲಿದರೆ ಕೌದಿ. ಹಾಸಲೂ ಅದೇ, ಹೊದೆಯಲೂ ಅದೇ. ಬಾಣಂತಿಯ ಕೋಣೆಯಲ್ಲಿ ಕೂಸಿಗೆ ಅಜ್ಜಿಯ ಮೆತ್ತನೆಯ ಸೀರೆಯ ಪುಟ್ಟ ಕೌದಿ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ ಇದರ ಅಕ್ಕತಂಗಿಯರು. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಮಹಿಳೆಯರ ಕೌದಿಗಳಂತೂ ಹೊರದೇಶದ ಕಲಾಪ್ರದರ್ಶನಗಳನ್ನೂ ಕಂಡಿವೆ. ಆಫ್ರಿಕಾ ಮೂಲದ ಈ ಜನ ಕೌದಿಯನ್ನು ಅಂಚಿನಿಂದ ಆರಂಭಿಸಿ, ಸುತ್ತು ಹಾಕುತ್ತ ನಡುವಿನ ಕಡೆಗೆ ಹೊಲಿಯುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ 'ಹೂ' ಇಡದಿದ್ದರೆ ಅವರ ದೃಷ್ಟಿಯಲ್ಲಿ ಕೌದಿ ಪೂರ್ಣವಾಗುವುದಿಲ್ಲ. ಚಳಿ ತಡೆಯಲು ಹೂವಿನ ಅಗತ್ಯವೇನೂ ಇಲ್ಲ. ಆದರೂ ಅದನ್ನು ಬಿಡುವುದಿಲ್ಲ. ದುಡಿಮೆಯ ನಡುವೆಯೂ ಮನುಷ್ಯರು ಚೆಲುವಿಗೆಂದು ಒಂದಿಷ್ಟು ಸಮಯವನ್ನು ಹಟದಿಂದ ಎತ್ತಿಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹಳೆಯ ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ಹಿಡಿಯಬಹುದು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಕೌದಿ. ಅರ್ಧ ಅಂಗುಲಕ್ಕೊಂದರಂತೆ ಉದ್ದಕ್ಕೆ ಹೊಲಿಗೆ ಹಾಕಿದರೆ 96 ಸಾಲು. ಒಂದು ಸಾಲು ಆರು ಅಡಿ, ಅಂದರೆ ಒಟ್ಟು 576 ಅಡಿ ಹೊಲಿಗೆ. ಅಂಗುಲಕ್ಕೆ ನಾಲ್ಕು ಹೊಲಿಗೆ ಎಂದು ಹಿಡಿದರೆ 27,648 ಹೊಲಿಗೆಗಳು. ನನ್ನ ಕೈವೇಗದಲ್ಲಿ ಒಂದು ಸಾಲಿಗೆ ಇಪ್ಪತ್ತು ನಿಮಿಷ ಬೇಕು. 96 ಸಾಲಿಗೆ 32 ಗಂಟೆ. ದಿನಕ್ಕೆ ಅರ್ಧ ಗಂಟೆಯಂತೆ ಕುಳಿತರೆ 64 ದಿನ, ವಾರಕ್ಕೆ ಐದು ದಿನವೆಂದರೆ ಹದಿಮೂರು ವಾರ. ದೊಡ್ಡದಾಗಿ ಕಾಣುವ ಕೆಲಸ ಹೀಗೆ ಭಾಗಿಸಿದಾಗ ಅಂಗೈಯಗಲಕ್ಕೆ ಬರುತ್ತದೆ.

ಆ ಅರ್ಧ ಗಂಟೆ ಎಲ್ಲಿಂದ ಬರಬೇಕು ಎಂಬುದೇ ಮುಖ್ಯ ಪ್ರಶ್ನೆ. ಕೇಂದ್ರ ಸರಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ಮೊದಲ ಬಾರಿಗೆ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಮನೆಗೆಲಸದಲ್ಲಿ ತೊಡಗಿದವರನ್ನು ಲೆಕ್ಕಕ್ಕೆ ಹಿಡಿದಾಗ, ಸಂಬಳವಿಲ್ಲದ ಆ ದುಡಿಮೆಗೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದು 289 ನಿಮಿಷಕ್ಕೂ ಗಂಡಸರದು 88 ನಿಮಿಷಕ್ಕೂ ಇಳಿಯಿತು. ಐದು ವರ್ಷಗಳಲ್ಲಿ ಇಬ್ಬರ ಪಾಲೂ ಕೊಂಚ ಇಳಿದಿದೆ, ಆದರೆ ನಡುವಿನ ಅಂತರ 200 ನಿಮಿಷಕ್ಕಿಂತ ಮೇಲೆಯೇ ನಿಂತಿದೆ. ಹೀಗಿರುವಾಗ 'ಸಮಯ ಸಿಕ್ಕಾಗ ಹೊಲಿ' ಎಂಬ ಉಪದೇಶಕ್ಕೆ ಅರ್ಥವೇನು? ಸಮಯ ತಾನಾಗಿ ಸಿಗುವುದಿಲ್ಲ, ಯಾರಾದರೂ ಬಿಟ್ಟುಕೊಡಬೇಕು.

ನಿವೃತ್ತಳಾದ ಹೆಣ್ಣಿಗೆ ಇನ್ನೊಂದು ತೊಡಕಿದೆ. ಶಾಲೆಗೆ ಹೋಗುತ್ತಿದ್ದಾಗ ನನ್ನ ಸಮಯಕ್ಕೆ ಗಂಟೆಯ ಕಾವಲಿತ್ತು. ನಿವೃತ್ತಿಯಾದೊಡನೆ ಆ ಸಮಯವೆಲ್ಲ ಊರವರ ಆಸ್ತಿಯಾಯಿತು. 'ಮನೆಯಲ್ಲೇ ಇರುತ್ತೀರಲ್ಲ' ಎಂಬ ಒಂದು ವಾಕ್ಯದಿಂದ ಕೊರಿಯರ್ ತೆಗೆದುಕೊಳ್ಳುವುದು, ಪಕ್ಕದ ಮನೆಯ ಬೀಗದ ಕೈ ಕಾಯುವುದು, ಮದುವೆ ಮನೆಯ ಪಟ್ಟಿ ಬರೆಯುವುದು ಎಲ್ಲವೂ ನನ್ನ ಪಾಲಿಗೆ ಬಂದವು. ಇವುಗಳನ್ನು ಮಾಡಲು ನನಗೆ ಬೇಸರವಿಲ್ಲ. ಆದರೆ ನಿವೃತ್ತ ಗಂಡಸು ಪತ್ರಿಕೆ ಹಿಡಿದು ಕುಳಿತರೆ ಅದು ಓದು, ನಿವೃತ್ತ ಹೆಂಗಸು ಸೂಜಿ ಹಿಡಿದು ಕುಳಿತರೆ ಅದು ಬಿಡುವು ಎಂದು ಭಾವಿಸುವುದು ಮಾತ್ರ ಸರಿಯಲ್ಲ.

ಆದ್ದರಿಂದ ನಮ್ಮ ಮನೆಯಲ್ಲಿ ಮಧ್ಯಾಹ್ನ ಮೂರರಿಂದ ಮೂರೂವರೆ ಕೌದಿಯ ಪಿರಿಯಡ್. ಆ ಹೊತ್ತಿನಲ್ಲಿ ಬಾಗಿಲಿಗೆ ಬಂದವರನ್ನೂ ಫೋನನ್ನೂ ಯಜಮಾನರು ನೋಡಿಕೊಳ್ಳುತ್ತಾರೆ. ಮೂರೂವರೆಯ ಚಹಾ ಕೂಡ ಅವರದೇ. ಶನಿವಾರ, ಭಾನುವಾರ ಹೊಲಿಗೆಯಿಲ್ಲ, ಅವು ಬಂದುಹೋಗುವವರಿಗೆ ಮೀಸಲು. ಹವ್ಯಾಸ ಮನೆಯನ್ನು ನುಂಗಬಾರದು ಎಂಬುದನ್ನೂ ನಾನು ಅಷ್ಟೇ ಖಚಿತವಾಗಿ ನಂಬುತ್ತೇನೆ. ಪಡಸಾಲೆಯ ತುಂಬ ಬಟ್ಟೆಯ ತುಂಡು ಹರಡಿ, ಮಗು ಸೂಜಿ ತುಳಿಯುವಂತೆ ಮಾಡಿ, 'ನನ್ನ ಹವ್ಯಾಸ' ಎನ್ನುವುದು ನ್ಯಾಯವಲ್ಲ. ಹೊಲಿಗೆ ಮುಗಿದೊಡನೆ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕುವುದೂ ಆ ಅರ್ಧ ಗಂಟೆಯೊಳಗೇ ಆಗಬೇಕು.

ದಿನದಂತೆ ವರ್ಷಕ್ಕೂ ಒಂದು ಪಾಠಯೋಜನೆ ಬೇಕು. ಬಿ.ಇಡ್. ತರಬೇತಿಯಲ್ಲಿ ಕಲಿತ ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಜನವರಿಯಲ್ಲಿ ಕಪಾಟು ತೆಗೆದು ಬಟ್ಟೆ ಆರಿಸುವುದು. ನೂಲಿನದನ್ನೇ ಆರಿಸಬೇಕು. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ. ಆರಿಸಿದ್ದನ್ನು ಒಗೆದು ಗಂಜಿ ಬಿಡಿಸಿ ಒಣಗಿಸಬೇಕು. ಫೆಬ್ರವರಿ, ಮಾರ್ಚ್ ಮಕ್ಕಳಿಗೆ ಪರೀಕ್ಷೆಯ ಕಾಲ. ಮನೆ ಶಾಂತವಾಗಿರುತ್ತದೆ. ಆಗ ಆರು ಅಂಗುಲದ ಚೌಕಗಳನ್ನು ಕತ್ತರಿಸಿ ಜೋಡಿಸುವುದು, ಅವೂ ಲೆಕ್ಕಕ್ಕೆ 96 ಆಗುತ್ತವೆ. ಏಪ್ರಿಲ್, ಮೇ ತಿಂಗಳು ಮೊಮ್ಮಕ್ಕಳ ರಜೆ. ಆಗ ಹಿಡಿದ ಕೆಲಸ ಮುಗಿಸುವ ಆಸೆ ಇಟ್ಟುಕೊಳ್ಳಬಾರದು. ಪದರಗಳನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಸುಕ್ಕು ತೆಗೆದು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಲು ಹಲವು ಕೈಗಳು ಬೇಕು, ಆ ಕೈಗಳು ಆಗ ಮನೆಯಲ್ಲಿರುತ್ತವೆ. ನನ್ನ ಕಣ್ಣಿಗೆ ಕಾಣದ ಸೂಜಿಯ ಕಣ್ಣು ಎಂಟು ವರ್ಷದವರಿಗೆ ಚೆನ್ನಾಗಿ ಕಾಣುತ್ತದೆ. ಹತ್ತು ಸೂಜಿಗೆ ದಾರ ಪೋಣಿಸಿಟ್ಟರೆ ಒಂದು ಕಥೆ ಎಂಬುದು ನಮ್ಮ ಒಪ್ಪಂದ.

ಜೂನ್, ಜುಲೈ, ಆಗಸ್ಟ್ ಮೂರು ತಿಂಗಳಿಗೆ ಸರಿಯಾಗಿ ಹದಿಮೂರು ವಾರ. ಹೊರಗೆ ಮಳೆ, ಒಳಗೆ 96 ಸಾಲು. ಶ್ರಾವಣದ ಹಬ್ಬಗಳಲ್ಲಿ ತಪ್ಪಿಹೋದ ದಿನಗಳನ್ನು ಸರಿದೂಗಿಸಲು ಸೆಪ್ಟೆಂಬರ್ ಇದೆ. ನಮ್ಮ ಕಡೆ ಮಹಾನವಮಿಗೆ ಮೊದಲು ಮನೆಯ ಕೌದಿಗಳನ್ನೆಲ್ಲ ಹೊಳೆಗೋ ಹಳ್ಳಕ್ಕೋ ಒಯ್ದು ಒಗೆಯುವ ಪದ್ಧತಿ ಹಿಂದಿನಿಂದ ಬಂದದ್ದು. ನೀರು ಕುಡಿದ ಕೌದಿಯನ್ನು ಹಿಂಡಲು ಇಬ್ಬರು ಬೇಕು. ಹೊಸ ಕೌದಿಯೂ ಆ ಒಗೆತದಲ್ಲಿ ಸೇರಿ, ಬಿಸಿಲು ಕಂಡು, ದೀಪಾವಳಿಯ ಹೊತ್ತಿಗೆ, ಚಳಿ ಆರಂಭವಾಗುವಾಗ, ಹೊದೆಯುವವರ ಕೈ ಸೇರುತ್ತದೆ. ವರ್ಷಕ್ಕೆ ದೊಡ್ಡದು ಒಂದೇ. ಈ ವರ್ಷ ನಿನಗೆ, ಬರುವ ವರ್ಷ ಅವಳಿಗೆ ಎಂದು ಸರದಿಯನ್ನು ಬರೆದಿಟ್ಟಿದ್ದೇನೆ. ಬೇಡಿಕೆಗೆ ತಕ್ಕಂತೆ ಹೊಲಿಯತೊಡಗಿದರೆ ಹವ್ಯಾಸವೂ ಮತ್ತೊಂದು ಮನೆಗೆಲಸವಾಗಿ ಆ 289 ನಿಮಿಷಗಳ ಮೇಲೆ ಬಂದು ಕೂರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಕತ್ತರಿ ಆಡಿಸುವ ಮೊದಲು ಎಲ್ಲರನ್ನೂ ಕೇಳಬೇಕು. ತೀರಿಕೊಂಡ ಅತ್ತೆಯವರ ನೂಲಿನ ಸೀರೆಗಳು ನಮ್ಮ ಕಪಾಟಿನಲ್ಲಿದ್ದವು. ಅವನ್ನು ಕೌದಿಗೆ ಹಾಕುವ ಮಾತೆತ್ತಿದಾಗ ನಾದಿನಿಗೆ ಮನಸ್ಸಾಗಲಿಲ್ಲ. ಸೀರೆ ಕತ್ತರಿಸಿದರೆ ಅಮ್ಮ ಇನ್ನೊಮ್ಮೆ ಹೋದಂತೆ ಎಂದಳು. ನಾನು ವಾದಿಸಲಿಲ್ಲ, ಒಂದು ವರ್ಷ ಸುಮ್ಮನಿದ್ದೆ. ಮರುವರ್ಷ ಅವಳೇ, ಸೆರಗುಗಳನ್ನು ತನಗೆ ಕೊಟ್ಟು ಒಡಲಿನ ಭಾಗವನ್ನು ಬಳಸೆಂದಳು. ಆ ಕೌದಿಯ ಮೊದಲ ಸರದಿ ಅವಳದೇ ಆಯಿತು. ಬಟ್ಟೆ ಎಲ್ಲರ ನೆನಪು, ಸಮಯ ಎಲ್ಲರ ಸಮಯ. ಎರಡನ್ನೂ ಕೇಳಿ ಪಡೆದಾಗ ಕೊಟ್ಟವರಿಗೂ ಸಂತೋಷ.

ಐದುನೂರು ರೂಪಾಯಿಗೆ ಮನೆಬಾಗಿಲಿಗೆ ಕಂಬಳಿ ಬರುವಾಗ 32 ಗಂಟೆ ಏಕೆ ಎಂದು ಮಗ ಒಮ್ಮೆ ಕೇಳಿದ. ಚಳಿಯಷ್ಟೇ ಪ್ರಶ್ನೆಯಾಗಿದ್ದರೆ ಅವನ ಲೆಕ್ಕ ಸರಿ. ಆದರೆ ಆ ಗಂಟೆಗಳಲ್ಲಿ ನಾನು ಯಾರ ಅಡುಗೆಯವಳೂ ಅಲ್ಲ, ಯಾರ ಕಾವಲುಗಾರಳೂ ಅಲ್ಲ. ಸಾಲು ನೇರವಾಗಿದೆಯೇ ಎಂದು ನೋಡುವುದೊಂದೇ ನನ್ನ ಚಿಂತೆ. ನನ್ನ ತಾಯಿಗೆ ಈ ಸುಖ ಕತ್ತಲಾದ ಮೇಲೆ, ಎಲ್ಲರ ಊಟವಾಗಿ ಪಾತ್ರೆ ತೊಳೆದ ಮೇಲೆ, ಚಿಮಣಿ ಎಣ್ಣೆಯ ಬೆಳಕಿನಲ್ಲಿ ಮಾತ್ರ ಸಿಗುತ್ತಿತ್ತು. ನನಗೆ ಹಗಲಿನ ಬೆಳಕಿನಲ್ಲಿ ಸಿಕ್ಕಿದೆ. ಇದು ಮುನ್ನಡೆಯೇ ಸರಿ, ಆದರೆ ಇದಕ್ಕಾಗಿ ಅರವತ್ತು ವರ್ಷ ದಾಟಬೇಕಾಯಿತು.

ನನ್ನ ವಿದ್ಯಾರ್ಥಿನಿಯರೇ, ನಿಮಗೀಗ ನಲವತ್ತರ ಆಸುಪಾಸು. ನಿವೃತ್ತಿಯವರೆಗೆ ಕಾಯಬೇಡಿ. ಕೌದಿಯೇ ಆಗಬೇಕೆಂದಿಲ್ಲ, ಹಾಡಾಗಲಿ, ಓದಾಗಲಿ. ನನ್ನ ವಿದ್ಯಾರ್ಥಿಗಳೇ, ನಿಮಗೂ ಒಂದು ಮನೆಗೆಲಸ ಕೊಡುತ್ತೇನೆ. ನಿಮ್ಮ ಮನೆಯಲ್ಲಿ ತಾಯಿಗೆ, ಹೆಂಡತಿಗೆ ಯಾವ ಅರ್ಧ ಗಂಟೆ ಬೇಕೆಂದು ಈ ವಾರವೇ ಕೇಳಿ, ಕ್ಯಾಲೆಂಡರಿನ ಮೇಲೆ ನಿಮ್ಮ ಕೈಯಾರೆ ಬರೆಯಿರಿ. ಆ ಹೊತ್ತಿನಲ್ಲಿ ಒಲೆಯ ಮೇಲಿನ ಹಾಲು ಉಕ್ಕದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.