ರುಚಿ ಅವರಿಗೆ, ಚಟ ನಮಗೆ

ಬೆಂಗಳೂರಿನಲ್ಲಿ ಒಬ್ಬರು ಸಣ್ಣ ಗ್ಲಾಸಿಗೆ ಕಪ್ಪು ಬಿಯರು ಸುರಿದುಕೊಂಡು, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರೆ ಅದಕ್ಕೆ ಆಸ್ವಾದನೆ ಎಂದು ಹೆಸರು. ಜೋಯಿಡಾದ ಕಾಡಿನಂಚಿನಲ್ಲಿ ಒಬ್ಬ ಕುಣಬಿ ಮುದುಕ ಸಂಜೆ ಹೊತ್ತು ಲೋಟ ಹಿಡಿದರೆ ಅದಕ್ಕೆ ಚಟ ಎಂದು ಹೆಸರು. ಒಳಗೆ ಹೋಗುವ ಆಲ್ಕೋಹಾಲ್ ಒಂದೇ. ಈ ಎರಡು ಹೆಸರುಗಳ ನಡುವಿನ ಅಂತರದ ಬಗ್ಗೆಯೇ ನನ್ನ ತಕರಾರು.

ತಕರಾರು ಬಿಯರಿನ ಮೇಲಲ್ಲ. ಇಂಪೀರಿಯಲ್ ಸ್ಟೌಟ್ ಎಂಬುದು 18ನೇ ಶತಮಾನದಲ್ಲಿ ಲಂಡನ್ನಿನಿಂದ ರಷ್ಯಾದ ಅರಮನೆಗೆ ಹೋಗುತ್ತಿದ್ದ ಗಟ್ಟಿ ಕಪ್ಪು ಬಿಯರಿನ ವಂಶದ್ದು. ಬಾರ್ಲಿಯನ್ನು ಕರಕಾಗುವಷ್ಟು ಹುರಿದು ಮಾಡುತ್ತಾರೆ. ಅಮೆರಿಕದ ಕಾನೂನಿನಂತೆ ಬೋರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಒಮ್ಮೆ ಬಳಸಿದ್ದು ಬೋರ್ಬನ್ನಿಗೆ ಮತ್ತೆ ಬಾರದು. ಆ ಪೀಪಾಯಿಗಳಲ್ಲಿ ಸ್ಟೌಟನ್ನು ತಿಂಗಳುಗಟ್ಟಲೆ ತುಂಬಿಡುವ ಪದ್ಧತಿಗೆ 1990ರ ದಶಕದಲ್ಲಿ ಹೆಸರು ತಂದದ್ದು ಶಿಕಾಗೋದ ಗೂಸ್ ಐಲ್ಯಾಂಡ್. ಹುರಿದ ಕಾಳಿನಿಂದ ಕಾಫಿಯ ಕಹಿ ಬರುತ್ತದೆ. ಮರದಿಂದ ವೆನಿಲಾ, ಕೊಬ್ಬರಿಯ ಪರಿಮಳ, ಒಂದಿಷ್ಟು ಒಗರು. ಶೇ. 10ರಿಂದ 15ರವರೆಗೂ ಆಲ್ಕೋಹಾಲ್ ಇರುವುದರಿಂದ ಗಟಗಟ ಕುಡಿಯುವಂತಿಲ್ಲ. ತೀರಾ ತಣ್ಣಗಿದ್ದರೆ ಪರಿಮಳ ಏಳದು, ಅಂಗೈಯಲ್ಲಿ ಹಿಡಿದು ತುಸು ಬೆಚ್ಚಗಾಗಲು ಬಿಡಬೇಕು. ನಾಲ್ಕು ಜನ ಒಂದು ಬಾಟಲಿ ಹಂಚಿಕೊಂಡು ತಾಸುಗಟ್ಟಲೆ ಕೂರಬಹುದಾದ ಪೇಯ. ನನಗಂತೂ ಇಷ್ಟವಾಯಿತು.

ಇಷ್ಟವಾಗದ್ದು ಅದರ ಜೊತೆ ಕೊಟ್ಟ ಚೀಟಿ. ಪ್ಲಮ್, ಟಾಫಿ, ತೊಗಲು, ತಂಬಾಕು ಎಂದೆಲ್ಲ ಇಂಗ್ಲಿಷಿನಲ್ಲಿ ಪಟ್ಟಿ ಇತ್ತು. ಗೊತ್ತಾದದ್ದಕ್ಕೆ ಗುರುತು ಹಾಕಿ ಎಂದರು. ಜೋಯಿಡಾದಲ್ಲಿ ಬೆಳೆದ ನನ್ನ ನಾಲಿಗೆಗೆ ಸಿಕ್ಕಿದ್ದು ಜೋನಿಬೆಲ್ಲ, ತಳ ಹತ್ತಿದ ಪಾಯಸ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದ ಮುರುಗಲ ಸಿಪ್ಪೆ. ಹಾಗೇ ಹೇಳಿದೆ. ನಡೆಸಿಕೊಡುತ್ತಿದ್ದವರು ನಕ್ಕು, ‘ಮೊಲಾಸಿಸ್, ಕ್ಯಾರಮೆಲ್, ಸ್ಮೋಕ್’ ಎಂದು ತಿದ್ದಿ ಬರೆದುಕೊಂಡರು. ಅಂದರೆ ನನ್ನ ನಾಲಿಗೆ ಸರಿಯಿತ್ತು, ಅದು ಆಡಿದ ಭಾಷೆ ಮಾತ್ರ ಅಲ್ಲಿ ಚಲಾವಣೆಯಲ್ಲಿರಲಿಲ್ಲ.

ಕನ್ನಡಕ್ಕೆ ಈ ಮಾತು ಬಾರದ್ದೇನಲ್ಲ. ಮಹಾಕಾವ್ಯಕ್ಕೆ ಬೇಕೆಂದು ಲಾಕ್ಷಣಿಕರು ಹೇಳಿದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಹಳೆಗನ್ನಡದ ಕವಿಗಳಿಗೆ ಅದರಲ್ಲಿ ಸಂಕೋಚವಿರಲಿಲ್ಲ. ಈಗ ಕುಡಿತದ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಬರಹ: ಒಂದು ಉಪದೇಶ, ಇನ್ನೊಂದು ಬಡಾಯಿ. ಒಗರು, ಘಾಟು, ಕಮಟು, ಕರಕು ಎಂದು ಬಿಡಿಸಿ ಹೇಳಬಲ್ಲ ಭಾಷೆ ಲೋಟದ ಮುಂದೆ ಬಂದೊಡನೆ ಮೂಕವಾಗುತ್ತದೆ.

ಕುಡುಕ ಗಂಡನಿಂದ ಪೆಟ್ಟು ತಿಂದ ಹೆಂಗಸಿಗೆ ಈ ಮಾತು ಅಣಕದಂತೆ ಕೇಳಿಸೀತು. ಸಾರಾಯಿ ವಿರುದ್ಧ ಬೀದಿಗಿಳಿದವರು ಅವರು. ಅವರ ಸಿಟ್ಟು ನ್ಯಾಯದ್ದು. ಆದರೆ ಆ ಸಿಟ್ಟಿಗೆ ಸರ್ಕಾರ ಕೊಟ್ಟ ಉತ್ತರವೇನು? 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದರ ಜಾಗಕ್ಕೆ 90 ಮಿಲಿಲೀಟರಿನ ಪೊಟ್ಟಣದಲ್ಲಿ ‘ವಿಸ್ಕಿ’ ಬಂದು ಕೂತಿತು. ನಮ್ಮ ಅಗ್ಗದ ವಿಸ್ಕಿಯ ಬಹುಪಾಲು ಕಾಕಂಬಿಯಿಂದ ತೆಗೆದ ಸ್ಪಿರಿಟ್ಟು; ಅದಕ್ಕೆ ಬಣ್ಣ, ವಾಸನೆ ಬೆರೆಸಿದ್ದು. ಯುರೋಪಿನಲ್ಲಿ ಇದನ್ನು ವಿಸ್ಕಿ ಎಂದು ಮಾರುವಂತಿಲ್ಲ, ಅಲ್ಲಿ ವಿಸ್ಕಿಗೆ ಧಾನ್ಯವೇ ಮೂಲ. ಹಳಿಯಾಳದ ಸುತ್ತ ಕಬ್ಬು ಬೆಳೆಯುತ್ತದೆ. ಹಗಲು ಕಬ್ಬು ಕಡಿದವನ ಕೈಗೆ ಸಂಜೆ ಬರುವುದು ಎಲ್ಲಿಯದೋ ಕಬ್ಬಿನ ಕಾಕಂಬಿಯ, ವಿಲಾಯಿತಿ ಹೆಸರಿನ ಪೊಟ್ಟಣ. ಅದರಲ್ಲಿ ರುಚಿ ನೋಡಲು ಏನೂ ಇಲ್ಲ, ಇರುವುದು ಅಮಲೊಂದೇ. ಬಡವನಿಗೆ ಅಮಲನ್ನಷ್ಟೇ ಮಾರಿ, ಅಬಕಾರಿ ತೆರಿಗೆ ಎಣಿಸಿಕೊಂಡು, ಆಮೇಲೆ ಅವನನ್ನೇ ಚಟಗಾರ ಎನ್ನುವುದು ಯಾವ ನ್ಯಾಯ?

ಜೋಯಿಡಾದ ಗಡಿ ದಾಟಿದರೆ ಗೋವಾ. ಅಲ್ಲಿಯ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. 2016ರಲ್ಲಿ ಗೋವಾ ಸರ್ಕಾರ ಅದನ್ನು ಪಾರಂಪರಿಕ ಪೇಯವೆಂದು ಒಪ್ಪಿತು. ಗಡಿಯ ಈಚೆ ಅದೇ ಗೇರುಹಣ್ಣಿನ ರಸವನ್ನು ಮನೆಯಲ್ಲಿ ಬಟ್ಟಿ ಇಳಿಸಿದರೆ ಅಪರಾಧ. ಬ್ರೆಜಿಲ್ಲಿನವರು ತಮ್ಮ ಕಬ್ಬಿನ ಕಶಾಸವನ್ನು ಓಕಿನಲ್ಲಷ್ಟೇ ಅಲ್ಲ, ಅಂಬುರಾನಾದಂಥ ತಮ್ಮ ಕಾಡಿನ ಮರಗಳ ಪೀಪಾಯಿಯಲ್ಲೂ ಮಾಗಿಸುತ್ತಾರೆ. ನಮ್ಮ ದಾಂಡೇಲಿಯ ಹೆಸರು ಕೇಳಿದರೆ ಮರವೇ ನೆನಪಾಗಬೇಕು. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು, ಬೆಳಿಗ್ಗೆ ಬಣ್ಣ ತಿರುಗಿದ ಆ ನೀರನ್ನು ಸಕ್ಕರೆ ಕಾಯಿಲೆಗೆಂದು ಕುಡಿಯುವವರು ನಮ್ಮಲ್ಲಿದ್ದಾರೆ. ಔಷಧಿಯ ಮಾತು ವೈದ್ಯರಿಗೆ ಬಿಟ್ಟದ್ದು. ಮರವು ನೀರಿಗೆ ಬಣ್ಣವನ್ನೂ ಒಗರನ್ನೂ ಬಿಡುತ್ತದೆಂದು ತಿಳಿಯಲು ಮಾತ್ರ ನಮಗೆ ಅಮೆರಿಕದ ಓಕ್ ಬೇಕಿರಲಿಲ್ಲ. ಮುಂಡಗೋಡಕ್ಕೆ ಟಿಬೆಟನ್ನರು ಬಂದು ನೆಲೆಸಿದ್ದು 1966ರಲ್ಲಿ. ಲೋಸರ್ ಹಬ್ಬಕ್ಕೆ ಟಿಬೆಟನ್ನರು ಮಾಡುವ ಛಾಂಗ್ ಕೂಡ ಬಾರ್ಲಿಯದೇ ಪೇಯ. ಇಷ್ಟು ವರ್ಷದ ನೆರೆಯಲ್ಲಿ ಅದರ ರುಚಿ ಹೇಗೆಂದು ಹೇಳುವ ಒಂದು ಪ್ಯಾರಾವನ್ನೂ ನಾನು ಕನ್ನಡದಲ್ಲಿ ಓದಿಲ್ಲ.

ವಾರಾಂತ್ಯಕ್ಕೆ ಕಾಳಿ ನದಿಯಲ್ಲಿ ರಾಫ್ಟಿಂಗಿಗೆ ಬರುವವರು ದಡದ ರೆಸಾರ್ಟುಗಳಲ್ಲಿ ಕುಡಿಯುತ್ತಾರೆ. ಅದು ಪ್ರವಾಸೋದ್ಯಮ. ಅವರ ಗ್ಲಾಸು ತೊಳೆಯುವ ನಮ್ಮೂರ ಹುಡುಗ ರಾತ್ರಿ ಹಿತ್ತಲಲ್ಲಿ ಪೊಟ್ಟಣ ಹರಿದರೆ ಅದು ಸಾಮಾಜಿಕ ಪಿಡುಗು.

ಕುಡಿಯಿರಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಕೇಳುತ್ತಿರುವುದು ಮೂರು. ಪೊಟ್ಟಣದ ಮೇಲೆ ಒಳಗಿರುವುದು ಧಾನ್ಯದ್ದೋ ಕಾಕಂಬಿಯದೋ, ಪೀಪಾಯಿ ಕಂಡಿದೆಯೋ ಇಲ್ಲವೋ ಎಂಬುದು ದಪ್ಪ ಕನ್ನಡ ಅಕ್ಷರದಲ್ಲಿರಲಿ. ಗೇರುಹಣ್ಣಿನಂಥ ಸ್ಥಳೀಯ ಪೇಯಗಳಿಗೆ ಸಣ್ಣ ಪ್ರಮಾಣದ ಪರವಾನಗಿ ಕೊಡಲಿ. ಅದೂ ಗ್ರಾಮಸಭೆಯಲ್ಲಿ ಹೆಂಗಸರು ಒಪ್ಪಿದ ಊರಲ್ಲಿ ಮಾತ್ರ. ಬರೆಯುವ ನಾವು ಉಪದೇಶ, ಬಡಾಯಿ ಎರಡನ್ನೂ ಬಿಟ್ಟು ಬಾಯಿಗೆ ಬಂದ ರುಚಿಯನ್ನು ನಮ್ಮ ಮಾತಲ್ಲೇ ಹೇಳೋಣ. ರುಚಿ ಬಲ್ಲವರೆಲ್ಲ ಮಿತ ಬಲ್ಲವರೆಂದು ನಾನು ಹೇಳಲಾರೆ, ಹಾಗಲ್ಲದವರನ್ನೂ ಕಂಡಿದ್ದೇನೆ. ಆದರೆ ರುಚಿಯೇ ಇಲ್ಲದ್ದನ್ನು ನಿಧಾನವಾಗಿ ಕುಡಿ ಎಂದರೆ ಯಾರು ತಾನೇ ಕೇಳುತ್ತಾರೆ?